ದಿಲ್ಲಿಗೆ ಕೊಟ್ಟರೆ ಕನ್ನಡ ಉಳಿಯುತ್ತದೆಯೇ? ಕಾಸರಗೋಡಿನ ಕಾಲೇಜುಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಮ್ಮದು ಎಣ್ಮಕಜೆ ಪಂಚಾಯತು. ಮಗಳು ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿದಳು, ಈಗ ಪ್ಲಸ್ ಟು ಮುಗಿಸುತ್ತಿದ್ದಾಳೆ. ವಿದ್ಯಾನಗರದಲ್ಲಿ ರಾಜ್ಯ ಸರ್ಕಾರದ ಕಾಲೇಜಿದೆ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ತಲಪಾಡಿ ದಾಟಿದರೆ ಮಂಗಳೂರು. ರಾಜ್ಯದ ಕೈಯಲ್ಲಿದ್ದರೆ ಎಲ್ಲ ಮಲಯಾಳಮಯ ಆಗುತ್ತದೆ, ಉನ್ನತ ಶಿಕ್ಷಣ ಪೂರ್ತಿ ಕೇಂದ್ರಕ್ಕೆ ಹೋದರೆ ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಒಳ್ಳೆಯದು ಅನ್ನುವುದು ನನ್ನ ವಾದ. ಮನೆಯವರು ಒಪ್ಪುವುದಿಲ್ಲ. ನೀವೇನಂತೀರಿ? ಇನ್ನೊಂದು, ನಮ್ಮ ಕಾಲೇಜುಗಳನ್ನು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿಸಲು ಆಗುವುದಿಲ್ಲವೇ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಈ ವಾದದಲ್ಲಿ ನಾನು ನಿಮ್ಮ ಮನೆಯವರ ಕಡೆ. ರಾಜ್ಯ ಸರ್ಕಾರ ಕನ್ನಡಿಗರನ್ನು ಚೆನ್ನಾಗಿ ನೋಡಿಕೊಂಡಿದೆ ಅಂತ ಅಲ್ಲ. ಕಾಲೇಜಿನಲ್ಲಿ ಕನ್ನಡ ಉಳಿಯುವುದು ಎರಡು ವಿಷಯಗಳ ಮೇಲೆ: ಮೇಷ್ಟ್ರ ಹುದ್ದೆ ಇದೆಯೇ, ಪಠ್ಯಕ್ರಮದಲ್ಲಿ ಕನ್ನಡಕ್ಕೆ ಗಂಟೆ ಇದೆಯೇ. ಇವೆರಡನ್ನೂ ದಿಲ್ಲಿ ತೀರ್ಮಾನಿಸುವುದಿಲ್ಲ. ನಾಳೆ ತೀರ್ಮಾನಿಸುವ ಅಧಿಕಾರ ಅದಕ್ಕೆ ಸಿಕ್ಕಿದರೂ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಲೆಕ್ಕ ಅಲ್ಲಿ ಯಾರ ಮೇಜಿನ ಮೇಲೂ ಇರುವುದಿಲ್ಲ.

ಈಗ ಯಾರ ಕೈಯಲ್ಲಿ ಏನಿದೆ ನೋಡೋಣ. ಸಂವಿಧಾನ ಬಂದಾಗ ವಿಶ್ವವಿದ್ಯಾಲಯಗಳೂ ಸೇರಿ ಶಿಕ್ಷಣ ರಾಜ್ಯಪಟ್ಟಿಯಲ್ಲಿ, ಅಂದರೆ ರಾಜ್ಯಗಳು ಕಾನೂನು ಮಾಡುವ ವಿಷಯಗಳ ಪಟ್ಟಿಯಲ್ಲಿ, ಇತ್ತು. ತುರ್ತುಪರಿಸ್ಥಿತಿಯ ಕಾಲದ, 1976ರ, 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. 1977ರ ಜನವರಿ 3ರಿಂದ ಜಾರಿ. ಅಂದಿನಿಂದ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು, ಎರಡಕ್ಕೂ ಜಗಳ ಬಿದ್ದರೆ ಸಾಮಾನ್ಯವಾಗಿ ಕೇಂದ್ರದ್ದೇ ಮೇಲು. ಆದರೆ ಕೇಂದ್ರದ ಹಿಡಿತ ಶುರುವಾದದ್ದು 1976ರಲ್ಲಿ ಅಂತ ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಉನ್ನತ ಶಿಕ್ಷಣದ ಮಟ್ಟವನ್ನು ನಿಗದಿ ಮಾಡುವ ಕೆಲಸ ಕೇಂದ್ರಪಟ್ಟಿಯ 66ನೇ ನಮೂದಿನಲ್ಲಿ 1950ರಿಂದಲೇ ಇದೆ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆ ನಿಂತಿರುವುದು ಇದರ ಮೇಲೆಯೇ. ಇನ್ನೊಂದು ಕಡೆ, ವಿಶ್ವವಿದ್ಯಾಲಯವನ್ನು ಸ್ಥಾಪಿಸುವ, ನಿಯಂತ್ರಿಸುವ ಅಧಿಕಾರ ಇವತ್ತಿಗೂ ರಾಜ್ಯಪಟ್ಟಿಯ 32ನೇ ನಮೂದಿನಲ್ಲಿ ಕೂತಿದೆ. ಹಾಗಾಗಿ ಮಟ್ಟ ದಿಲ್ಲಿಯದು, ಸಂಸ್ಥೆ ರಾಜ್ಯದ್ದು. ನಮ್ಮ ಹೆಚ್ಚಿನ ಜಗಳಗಳು ಈ ಎರಡರ ನಡುವಿನ ಜಾಗದಲ್ಲೇ ಹುಟ್ಟುವುದು.

ಕಾಸರಗೋಡಿನ ಮಟ್ಟಿಗೆ ರಾಜ್ಯ ಅಂದರೆ ಏನು ಅನ್ನುವುದೂ ಬದಲಾಗುತ್ತಾ ಬಂದಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಹೋದೆವು. ಮರುವರ್ಷವೇ, 1957ರಲ್ಲಿ, ಸರ್ಕಾರಿ ಕಾಲೇಜು ಬಂತು. ಆಗ ಅದು ಕೇರಳ ವಿಶ್ವವಿದ್ಯಾಲಯದ ಕೆಳಗೆ, ಅಂದರೆ 550 ಕಿಲೋಮೀಟರಿಗೂ ದೂರದ ತಿರುವನಂತಪುರದ ಕೆಳಗೆ. 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ, 1996ರಲ್ಲಿ ಕಣ್ಣೂರು ವಿಶ್ವವಿದ್ಯಾಲಯ. ಕಣ್ಣೂರು ವಿ.ವಿ.ಯ ವ್ಯಾಪ್ತಿ ಕಣ್ಣೂರು, ಕಾಸರಗೋಡು ಜಿಲ್ಲೆಗಳು ಮತ್ತು ವಯನಾಡಿನ ಮಾನಂತವಾಡಿ ತಾಲೂಕು, ಅಷ್ಟೇ. ಇಡೀ ರಾಜ್ಯದ ವಿ.ವಿ.ಯಲ್ಲಿ ಕನ್ನಡ ಒಂದು ಮೂಲೆಯ ವಿಷಯ. ಎರಡೂವರೆ ಜಿಲ್ಲೆಯಷ್ಟೂ ಇಲ್ಲದ ವಿ.ವಿ.ಯಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ಅಧ್ಯಯನ ಮಂಡಳಿ ಕೂತು ಏನು ಪಾಠ ಮಾಡಬೇಕೆಂದು ಬರೆಯುತ್ತದೆ. ವಿದ್ಯಾನಗರದಲ್ಲಿ ಬಿ.ಎ., ಎಂ.ಎ., ಸಂಶೋಧನೆ ಮೂರೂ ಕನ್ನಡದಲ್ಲಿ ನಡೆಯುತ್ತಿವೆ. ನಿರ್ಧಾರ ಹತ್ತಿರ ಬಂದಷ್ಟೂ ನಮಗೆ ಲಾಭವಾಗಿದೆ, ದೂರ ಹೋದಾಗ ಅಲ್ಲ. ನಿಮ್ಮ ವಾದಕ್ಕೆ ನನ್ನ ಮೊದಲ ತಕರಾರು ಇದು.

ಆದರೆ ಹತ್ತಿರ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಿಲ್ಲ. ಪಠ್ಯ ವಿ.ವಿ.ಯದ್ದಾದರೂ ಹುದ್ದೆ ಸರ್ಕಾರದ್ದು, ಅದರಲ್ಲೂ ಹಣಕಾಸು ಇಲಾಖೆಯದ್ದು. ಕೇರಳದಲ್ಲಿ 1972ರ ಒಪ್ಪಂದದ ನಂತರ ಖಾಸಗಿ ಅನುದಾನಿತ ಕಾಲೇಜುಗಳ ಅಧ್ಯಾಪಕರಿಗೂ ಸರ್ಕಾರವೇ ನೇರ ಸಂಬಳ ಕೊಡುತ್ತದೆ. ಸಂಬಳ ಕೊಡುವವರು ಹುದ್ದೆ ಲೆಕ್ಕ ಹಾಕುತ್ತಾರೆ, ಅದು ಸಹಜ. 2020ರ ಏಪ್ರಿಲ್‌ನಲ್ಲಿ ಬಂದ ಒಂದು ಆದೇಶ ನಿಮ್ಮಂಥವರಲ್ಲಿ ಹೆಚ್ಚಿನವರ ಗಮನಕ್ಕೆ ಬಂದಿರಲಿಕ್ಕಿಲ್ಲ, ಕೋವಿಡ್ ಗಲಾಟೆಯ ದಿನಗಳು. ವಾರಕ್ಕೆ 16 ಗಂಟೆ ಪಾಠ ಇದ್ದರೆ ಮಾತ್ರ ಒಂದು ಕಾಯಂ ಹುದ್ದೆ, ಎಂ.ಎ. ತರಗತಿಯ ಒಂದು ಗಂಟೆಯನ್ನು ಒಂದೂವರೆ ಗಂಟೆ ಅಂತ ಎಣಿಸುವ ಹಳೇ ಪದ್ಧತಿ ಇನ್ನಿಲ್ಲ ಅಂತ ಆ ಆದೇಶ. ಇಂಗ್ಲಿಷ್, ಕಾಮರ್ಸ್‌ನಂಥ ದೊಡ್ಡ ವಿಭಾಗಗಳು ಹೇಗೋ ತಡೆದುಕೊಳ್ಳುತ್ತವೆ. ಕನ್ನಡ, ಅರೇಬಿಕ್, ಸಂಸ್ಕೃತದಂಥ ಸಣ್ಣ ವಿಭಾಗಗಳಿಗೆ ನಾಲ್ಕು ಗಂಟೆ ಕಡಿಮೆಯಾದರೆ ಒಬ್ಬರ ಕುರ್ಚಿಯೇ ಹೋಗುತ್ತದೆ. ಇಲ್ಲಿ ಕನ್ನಡದ ಮೇಲೆ ದ್ವೇಷ ಯಾರಿಗೂ ಇಲ್ಲ. ಯಾರೂ ಕನ್ನಡದ ಬಗ್ಗೆ ಯೋಚನೆ ಮಾಡಿಯೇ ಇಲ್ಲ, ಅಷ್ಟೇ. ನನ್ನ ಅನುಭವದಲ್ಲಿ ದ್ವೇಷಕ್ಕಿಂತ ಇದು ಜಾಸ್ತಿ ಹಾನಿ ಮಾಡುತ್ತದೆ. ದ್ವೇಷ ಇದ್ದರೆ ಪ್ರತಿಭಟನೆಗಾದರೂ ಜನ ಸೇರುತ್ತಾರೆ.

2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನಲ್ಲಿ ಕನ್ನಡಿಗರು ಬೀದಿಗಿಳಿದರು. 2020ರ ಆ ಗಂಟೆ ಲೆಕ್ಕದ ಆದೇಶಕ್ಕೆ ಯಾರು ಇಳಿದರು ಹೇಳಿ? ಗಂಟೆ ಲೆಕ್ಕ ಘೋಷಣೆಗೆ ಒಗ್ಗುವುದಿಲ್ಲ ಅಲ್ವಾ.

2024ರ ಜುಲೈ 1ರಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಶುರುವಾಯಿತು. ಮೂರು ವರ್ಷಕ್ಕೆ ಮುಗಿಸಿ ಸಾಮಾನ್ಯ ಪದವಿ ತೆಗೆದುಕೊಳ್ಳಬಹುದು, ನಾಲ್ಕನೇ ವರ್ಷ ಓದಿದರೆ ಆನರ್ಸ್. ಇದರ ಚೌಕಟ್ಟು ಯುಜಿಸಿಯದು, ಒಳಗೆ ತುಂಬಿದ್ದು ರಾಜ್ಯ, ಬರೆದದ್ದು ವಿ.ವಿ. ಹೊಸ ಚೌಕಟ್ಟು ಬಂದಾಗಲೆಲ್ಲ ಭಾಷಾ ಪತ್ರಿಕೆಗಳನ್ನು ಮತ್ತೆ ಹಂಚುತ್ತಾರೆ, ಆಗ ಗಂಟೆ ಬದಲಾಗುತ್ತದೆ, ಗಂಟೆ ಬದಲಾದರೆ ಮೇಲೆ ಹೇಳಿದ 16ರ ಲೆಕ್ಕ. ನೋಡಿ, ಮೂರೂ ಕೈಗಳು ಒಂದೇ ಕಾಗದದ ಮೇಲಿವೆ. ಯಾರ ತಪ್ಪು ಅಂತ ಬೆರಳು ತೋರಿಸುವುದು ಕಷ್ಟ.

ಇದರಲ್ಲೊಂದು ತಮಾಷೆಯೂ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು 2021ರಲ್ಲೇ ದೇಶದಲ್ಲಿ ಮೊದಲಿಗೆ ತಂದದ್ದು ಕರ್ನಾಟಕ. ಸರ್ಕಾರ ಬದಲಾಯಿತು, 2024-25ರಿಂದ ಕರ್ನಾಟಕ ಮತ್ತೆ ಮೂರು ವರ್ಷಕ್ಕೆ ಮರಳಿತು. ನೀತಿಯನ್ನು ವಿರೋಧಿಸಿದ ಕೇರಳ ಅದೇ ವರ್ಷ ನಾಲ್ಕು ವರ್ಷಕ್ಕೆ ಹೋಯಿತು. ಹೀಗಾಗಿ ತಲಪಾಡಿಯ ಆಚೆಗೊಂದು ಲೆಕ್ಕ, ಈಚೆಗೊಂದು. ಶಿಕ್ಷಣ ಕೇಂದ್ರದ ಕೈಯಲ್ಲಿದ್ದರೆ ದೇಶವೆಲ್ಲ ಒಂದೇ ಆಗುತ್ತದೆ ಅನ್ನುವವರು ಇದನ್ನು ಸ್ವಲ್ಪ ನೋಡಬೇಕು.

ಈಗ ದಿಲ್ಲಿಯ ಕಡೆ ಬರೋಣ. ಕೇಂದ್ರಕ್ಕೆ ಎಲ್ಲ ಭಾಷೆಯೂ ಒಂದೇ, ಆದ್ದರಿಂದ ಅದು ನಮಗೆ ನ್ಯಾಯ ಕೊಡುತ್ತದೆ ಅನ್ನುವುದು ನಿಮ್ಮ ವಾದದ ಅಡಿಪಾಯ. ಪೆರಿಯದ ಕೇಂದ್ರೀಯ ವಿ.ವಿ. 2009ರ ಕಾಯ್ದೆಯಿಂದ ಬಂದದ್ದು. ಕಾಸರಗೋಡಿಗೆ ಅದರಿಂದ ಒಳ್ಳೆಯದಾಗಿದೆ, ಅನುಮಾನವಿಲ್ಲ. ಅಲ್ಲಿ ಕನ್ನಡ ವಿಭಾಗವೂ ಇದೆ. ದೇಶದ ಬೇರೆ ಬೇರೆ ಕಡೆಯ ಅಧ್ಯಾಪಕರು, ವಿದ್ಯಾರ್ಥಿಗಳು ಈ ಹಿಂದುಳಿದ ಜಿಲ್ಲೆಗೆ ಬಂದರು. ಆದರೆ ಒಳಗೆ ಹೋಗುವ ಬಾಗಿಲು ನೋಡಿ. 2022ರಿಂದ ಪದವಿಯ ಪ್ರವೇಶ ಪರೀಕ್ಷೆ ಸಿಯುಇಟಿ 13 ಭಾಷೆಗಳಲ್ಲಿದೆ, ಅದರಲ್ಲಿ ಕನ್ನಡವೂ ಒಂದು. ಸಂತೋಷ. ಪೆರಿಯದಲ್ಲಿ ಮುಖ್ಯವಾಗಿರುವುದು ಸ್ನಾತಕೋತ್ತರ ಕೋರ್ಸುಗಳು. ಅದರ ಪ್ರವೇಶ ಪರೀಕ್ಷೆ, ಭಾಷಾ ವಿಷಯಗಳನ್ನು ಬಿಟ್ಟರೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅರ್ಥಶಾಸ್ತ್ರಕ್ಕೋ ಸಮಾಜಕಾರ್ಯಕ್ಕೋ ಸೇರಬೇಕೆಂದರೆ ಲಖನೌ ಹುಡುಗಿ ತನ್ನ ಭಾಷೆಯಲ್ಲಿ ಬರೆಯಬಹುದು. ಪೆರಿಯದಿಂದ ಒಂದೆರಡು ಗಂಟೆ ದೂರದ ಪೆರ್ಲದ ಹುಡುಗಿ ಬರೆಯುವಂತಿಲ್ಲ. ಎಲ್ಲ ಭಾಷೆಯೂ ಒಂದೇ ಅನ್ನುವುದು ಹೀಗೆ.

ಹಳೇ ಉದಾಹರಣೆ ಇನ್ನೊಂದಿದೆ. ಗಡಿಯವರಾದ ನಾವು ತಿಳಿದಿರಬೇಕಾದದ್ದು. ಗುಜರಾತ್ ವಿಶ್ವವಿದ್ಯಾಲಯ ಗುಜರಾತಿಯನ್ನು ಬೋಧನಾ ಮಾಧ್ಯಮ ಮಾಡಲು ಹೊರಟಿತು. ಮರಾಠಿ ಮಾಧ್ಯಮದಲ್ಲಿ ಶಾಲೆ ಮುಗಿಸಿ ಅಹಮದಾಬಾದಿನ ಕಾಲೇಜಿಗೆ ಸೇರಿದ್ದ ಒಬ್ಬ ವಿದ್ಯಾರ್ಥಿಗೆ ಇಂಗ್ಲಿಷ್ ತರಗತಿಯಲ್ಲಿ ಮುಂದುವರಿಯಲು ಬಿಡಲಿಲ್ಲ. ಅವನ ತಂದೆ ಕೋರ್ಟಿಗೆ ಹೋದರು. 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಒಂದೇ ಭಾಷೆಯನ್ನು ಹೇರುವ ಅಧಿಕಾರ ಆ ವಿ.ವಿ.ಗೆ ಇಲ್ಲ. ಮಾಧ್ಯಮದಿಂದ ಶಿಕ್ಷಣದ ಮಟ್ಟದ ಮೇಲೆ ಪರಿಣಾಮ ಆಗುವುದಾದರೆ ಅದು 66ನೇ ನಮೂದಿನಡಿ ಕೇಂದ್ರದ ವಿಷಯ. ಒಬ್ಬ ನ್ಯಾಯಾಧೀಶರು ಒಪ್ಪಲಿಲ್ಲ, ಬಹುಮತದ ತೀರ್ಪು ಇದು. ಮೇಲ್ನೋಟಕ್ಕೆ ಇದು ನಿಮ್ಮ ವಾದಕ್ಕೆ ಬಲ ಕೊಡುತ್ತದೆ. ರಾಜ್ಯದ ಭಾಷೆ ಹೇರಿದಾಗ ಕೇಂದ್ರದ ಅಧಿಕಾರ ಅಡ್ಡ ಬಂತು, ಅಲ್ಪಸಂಖ್ಯಾತನ ಮಗ ಬಚಾವಾದ. ಆದರೆ ಬಚಾವಾದದ್ದು ಯಾವ ಭಾಷೆಯಲ್ಲಿ? ಮರಾಠಿಯಲ್ಲಿ ಅಲ್ಲ, ಇಂಗ್ಲಿಷಿನಲ್ಲಿ. ಮಲಯಾಳ ಹೇರಿಕೆಯಿಂದ ದಿಲ್ಲಿ ನಮ್ಮನ್ನು ತಪ್ಪಿಸಬಹುದು. ಕನ್ನಡ ಕೊಡುವುದು ಬೇರೆ ಕೆಲಸ, ಅದಕ್ಕೆ ಹುದ್ದೆ ಬೇಕು, ಪುಸ್ತಕ ಬೇಕು, ತರಗತಿ ಬೇಕು.

ಕೇಂದ್ರ-ರಾಜ್ಯದ ಕಿತ್ತಾಟದಲ್ಲಿ ನಮ್ಮ ವಿ.ವಿ.ಯ ಹೆಸರೇ ದೇಶಕ್ಕೆಲ್ಲ ಕೇಳಿಸಿದ್ದೂ ಉಂಟು. ಕುಲಪತಿ ನೇಮಕಕ್ಕೆ ಯುಜಿಸಿಯ ನಿಯಮಾವಳಿ ಇದೆ. ಅದಕ್ಕೂ ರಾಜ್ಯದ ಕಾಯ್ದೆಗೂ ಹೊಂದದಿದ್ದರೆ ಯುಜಿಸಿಯದೇ ಮೇಲು ಅಂತ ಸುಪ್ರೀಂ ಕೋರ್ಟ್ 2022ರ ಅಕ್ಟೋಬರಿನಲ್ಲಿ ಕೇರಳದ ತಾಂತ್ರಿಕ ವಿ.ವಿ.ಯ ಪ್ರಕರಣದಲ್ಲಿ ಹೇಳಿತು, ಕುಲಪತಿ ನೇಮಕ ರದ್ದಾಯಿತು. ಅದರ ಬೆನ್ನಿಗೆ ಆಗಿನ ರಾಜ್ಯಪಾಲರು ಒಂಬತ್ತು ಕುಲಪತಿಗಳಿಗೆ ರಾಜೀನಾಮೆ ಕೊಡಿ ಅಂದರು. 2023ರ ನವೆಂಬರ್ 30ರಂದು ಕಣ್ಣೂರು ವಿ.ವಿ. ಕುಲಪತಿಯ ಮರುನೇಮಕವೂ ರದ್ದಾಯಿತು. ಅಲ್ಲಿ ಕಾರಣ ಬೇರೆ: ಕುಲಾಧಿಪತಿ, ಅಂದರೆ ರಾಜ್ಯಪಾಲರು, ಸ್ವಂತ ವಿವೇಚನೆಯಿಂದ ಮಾಡಬೇಕಾದ ನೇಮಕದಲ್ಲಿ ರಾಜ್ಯ ಸರ್ಕಾರ ಕೈಹಾಕಿತ್ತು. ಒಂದು ಕಡೆ ಯುಜಿಸಿ ನಿಯಮ, ಇನ್ನೊಂದು ಕಡೆ ಮಂತ್ರಿಗಳ ಪತ್ರ, ನಡುವೆ ರಾಜ್ಯಪಾಲರು. ರಾಜ್ಯಪಾಲರನ್ನು ಕುಲಾಧಿಪತಿ ಸ್ಥಾನದಿಂದ ತೆಗೆಯುವ ಕೇರಳದ ಮಸೂದೆ ರಾಷ್ಟ್ರಪತಿಯವರೆಗೆ ಹೋಯಿತು, 2024ರಲ್ಲಿ ಅಂಕಿತ ಸಿಗಲಿಲ್ಲ.

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ಹೊರಡಿಸಿತು. ಕುಲಪತಿಯನ್ನು ಹುಡುಕುವ ಸಮಿತಿಯಲ್ಲಿ ಕುಲಾಧಿಪತಿಯ ಪ್ರತಿನಿಧಿ, ಯುಜಿಸಿಯ ಪ್ರತಿನಿಧಿ, ವಿ.ವಿ.ಯ ಪ್ರತಿನಿಧಿ. ಸಂಬಳ ಕೊಡುವ ರಾಜ್ಯ ಸರ್ಕಾರಕ್ಕೆ ಜಾಗ ಇಲ್ಲ. ಕೇರಳ ವಿಧಾನಸಭೆ ವಿರೋಧಿಸಿ ನಿರ್ಣಯ ಮಾಡಿತು. ಫೆಬ್ರವರಿಯಲ್ಲಿ ಇದೇ ವಿಷಯಕ್ಕೆ ರಾಜ್ಯಗಳ ಉನ್ನತ ಶಿಕ್ಷಣ ಸಚಿವರ ಸಭೆ ಆದದ್ದು ಬೆಂಗಳೂರಿನಲ್ಲಿ. ಗಡಿ ವಿಷಯಕ್ಕೆ ಮುಖ ತಿರುಗಿಸುವ ಕರ್ನಾಟಕ, ಕೇರಳ ಇಲ್ಲಿ ಅಕ್ಕಪಕ್ಕ ಕೂತವು. ನನ್ನ ಮಟ್ಟಿಗೆ, ಕರಡಿನ ಈ ಭಾಗ ತಪ್ಪು. ಹಾಗಂತ ಮಂತ್ರಿಗಳು ಕುಲಪತಿಯನ್ನು ಆರಿಸುವ ಹಳೇ ಪದ್ಧತಿಯನ್ನು ಸಮರ್ಥಿಸಲೂ ನನಗೆ ಮನಸ್ಸಿಲ್ಲ. ಕುಲಪತಿ ಇಲ್ಲದೆ, ಇಲ್ಲವೇ ಉಸ್ತುವಾರಿ ಕುಲಪತಿ ಇಟ್ಟುಕೊಂಡು ವಿ.ವಿ. ನಡೆದಾಗ ಮೊದಲು ನಿಲ್ಲುವುದು ಹೊಸ ಹುದ್ದೆ, ಹೊಸ ಕೋರ್ಸುಗಳ ಕಡತ. ಸಣ್ಣ ಭಾಷೆಯ ವಿಭಾಗದ ಕಡತ ಆ ಕಟ್ಟಿನಲ್ಲೂ ತಳದಲ್ಲಿರುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಚಿಕ್ಕದು. ಆಗುವುದಿಲ್ಲ. ಗಡಿ ವಿವಾದಕ್ಕೆ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂದಿತ್ತು, ಅದು ಜಾರಿಯಾಗಲಿಲ್ಲ. ಗಡಿ ಇದ್ದಲ್ಲೇ ಇರುವ ತನಕ ಒಂದು ರಾಜ್ಯದ ವಿ.ವಿ. ಇನ್ನೊಂದು ರಾಜ್ಯದ ಕಾಲೇಜಿಗೆ ಮಾನ್ಯತೆ ಕೊಡುವಂತಿಲ್ಲ. ರಾಜ್ಯ ವಿಧಾನಸಭೆ ಮಾಡಿದ ಕಾಯ್ದೆ ರಾಜ್ಯದ ಗಡಿಯೊಳಗೇ ನಡೆಯುವುದು. ಛತ್ತೀಸಗಢದ ಖಾಸಗಿ ವಿ.ವಿ.ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಬದಲಿಗೆ ಕೇಳಬಹುದಾದದ್ದು ಬೇರೆ ಇದೆ. ಆಂಧ್ರ ಸರ್ಕಾರ 1997ರಲ್ಲಿ ಕುಪ್ಪಂನಲ್ಲಿ, ಕರ್ನಾಟಕ, ತಮಿಳುನಾಡು ಗಡಿಗಳು ಕೂಡುವಲ್ಲಿ, ದ್ರಾವಿಡ ವಿಶ್ವವಿದ್ಯಾಲಯ ಮಾಡಿ ಕನ್ನಡವನ್ನೂ ಸೇರಿಸಿಕೊಂಡಿತು. ಆ ವಿ.ವಿ. ಕೂಡ ಹಣದ ತಾಪತ್ರಯದಿಂದ ಹೊರತಲ್ಲ. ಆದರೆ ನೆರೆರಾಜ್ಯದ ಭಾಷೆಗೆ ಜಾಗ ಕೊಡಲು ರಾಜ್ಯದ ಕಾಯ್ದೆಯೇ ಸಾಕು, ದಿಲ್ಲಿ ಬೇಕಿಲ್ಲ ಅನ್ನುವುದಕ್ಕೆ ಅದು ಸಾಕ್ಷಿ.

ನಿಮ್ಮ ಪಂಚಾಯತಿನ ಹತ್ತಿರದ ಉಕ್ಕಿನಡ್ಕವನ್ನೇ ತೆಗೆದುಕೊಳ್ಳಿ. ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆ ಆಯಿತು. ಕಟ್ಟಡ ಕಟ್ಟಬೇಕಾದವರು ರಾಜ್ಯದವರು, ಸೀಟಿಗೆ ಅನುಮತಿ ಕೊಡಬೇಕಾದವರು ಕೇಂದ್ರದ ವೈದ್ಯಕೀಯ ಆಯೋಗದವರು. 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ನಡುವೆ 2020ರ ಮಾರ್ಚ್‌ನಲ್ಲಿ ಕರ್ನಾಟಕ ತಲಪಾಡಿಯನ್ನು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಾವು ಏನು ಅನುಭವಿಸಿದೆವು ಅಂತ ನಿಮಗೆ ಹೇಳಬೇಕಿಲ್ಲ. ಅರ್ಧ ಕಟ್ಟಿದ ಆ ಕಾಲೇಜು ಆಗ ಕೋವಿಡ್ ಆಸ್ಪತ್ರೆಯಾಯಿತು. ಇಲ್ಲಿ ತಡ ಮಾಡಿದ್ದು ಮುಖ್ಯವಾಗಿ ರಾಜ್ಯ ಅಂತಲೇ ನನ್ನ ಅಭಿಪ್ರಾಯ. ಕಟ್ಟಡ, ಆಸ್ಪತ್ರೆ, ಅಧ್ಯಾಪಕರು ಇಲ್ಲದೆ ಯಾವ ಆಯೋಗವೂ ಸೀಟು ಕೊಡುವುದಿಲ್ಲ, ಕೊಡಬಾರದು ಕೂಡ. ಕೇಂದ್ರದ ಮಟ್ಟ ನಿಗದಿ ಅನ್ನುವುದು ಉಪಯೋಗಕ್ಕೆ ಬರುವುದು ಇಂಥ ಕಡೆ. ಆ ಕೆಲಸವನ್ನು ರಾಜ್ಯಕ್ಕೆ ಬಿಟ್ಟುಕೊಡಿ ಅಂತ ನಾನು ಹೇಳುವುದಿಲ್ಲ.

ಹಾಗಾದರೆ ಭಾಷಾ ಅಲ್ಪಸಂಖ್ಯಾತರಿಗೆ ಕೇಂದ್ರದಿಂದ ಸಿಗುವ ರಕ್ಷಣೆ ಏನು? ಇದೆ, ಆದರೆ ಕಾಲೇಜಿನ ಬಾಗಿಲಿಗೆ ಬರುವಷ್ಟರಲ್ಲಿ ತೆಳುವಾಗುತ್ತದೆ. 350ಎ ವಿಧಿ ಮಾತೃಭಾಷೆಯಲ್ಲಿ ಪಾಠ ಮಾಡಿಸಬೇಕು ಅನ್ನುವುದು ಪ್ರಾಥಮಿಕ ಹಂತಕ್ಕೆ ಮಾತ್ರ. 350ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರಿಗೆ ವಿಶೇಷ ಅಧಿಕಾರಿ ಇದ್ದಾರೆ, ಅವರು ರಾಷ್ಟ್ರಪತಿಗೆ ವರದಿ ಕೊಡಬಹುದು, ಆದೇಶ ಕೊಡುವಂತಿಲ್ಲ. ಗಟ್ಟಿಯಾದದ್ದು 30ನೇ ವಿಧಿ: ನಮ್ಮದೇ ಸಂಸ್ಥೆ ಕಟ್ಟಿ ನಡೆಸುವ ಹಕ್ಕು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ, ಅಲ್ಪಸಂಖ್ಯಾತರು ಯಾರು ಅನ್ನುವುದನ್ನು ರಾಜ್ಯವಾರು ನೋಡಬೇಕು ಅಂದಿತು. ಅಂದರೆ ಕೇರಳದಲ್ಲಿ ಕನ್ನಡಿಗರಿಗೆ ಈ ಹಕ್ಕು ಖಂಡಿತ ಇದೆ. ಇದನ್ನು ನಾವು ಶಾಲೆಗಳಿಗೆ ಬಳಸಿದಷ್ಟು ಕಾಲೇಜಿಗೆ ಬಳಸಿಲ್ಲ. ಕಾಲೇಜು ಕಟ್ಟಲು ದುಡ್ಡು ಬೇಕು ನಿಜ. ಆದರೆ ದಿಲ್ಲಿಗೆ ಮನವಿ ಬರೆಯುವ ಉತ್ಸಾಹದ ಅರ್ಧದಷ್ಟನ್ನು ಇತ್ತ ಹಾಕಿದ್ದರೂ ಇವತ್ತಿನ ಸ್ಥಿತಿ ಬೇರೆ ಇರುತ್ತಿತ್ತು.

ಹೋರಾಡುವ ಮನಸ್ಸಿದ್ದರೆ ಕೇಳಬೇಕಾದದ್ದು ತಿರುವನಂತಪುರದಲ್ಲಿ: ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಾಲೇಜುಗಳ ಕನ್ನಡ ಹುದ್ದೆಗಳಿಗೆ 16 ಗಂಟೆಯ ನಿಯಮದಿಂದ ವಿನಾಯಿತಿ. ಇದಕ್ಕೆ ಕಾನೂನು ಬೇಡ, ತಿದ್ದುಪಡಿ ಬೇಡ, ಒಂದು ಸರ್ಕಾರಿ ಆದೇಶ ಸಾಕು. ದಿಲ್ಲಿಯಲ್ಲಿ ಕೇಳುವುದಾದರೆ, ಸ್ನಾತಕೋತ್ತರ ಪ್ರವೇಶ ಪರೀಕ್ಷೆಯೂ ಪದವಿಯದರಂತೆ 13 ಭಾಷೆಗಳಲ್ಲಿ ಇರಲಿ ಅಂತ ಕೇಳಿ.

ಇನ್ನು ಮಗಳ ವಿಷಯ. ಕನ್ನಡವನ್ನೇ ಮುಖ್ಯ ವಿಷಯವಾಗಿ ಓದುವ ಆಸೆ ಇದ್ದರೆ ವಿದ್ಯಾನಗರ ಸಾಕು, ಸುಮ್ನೆ ಹೊಳೆ ದಾಟಬೇಕಿಲ್ಲ. ನಾಲ್ಕು ವರ್ಷದ ಆನರ್ಸ್ ಮಾಡಿದರೆ ಯುಜಿಸಿ ಚೌಕಟ್ಟಿನಲ್ಲಿ ಎಂ.ಎ. ಒಂದೇ ವರ್ಷ. 75 ಶೇಕಡಾ ಅಂಕ ಇದ್ದರೆ 2022ರ ನಿಯಮದಂತೆ ನೇರವಾಗಿ ಪಿಎಚ್.ಡಿ.ಗೂ ಅರ್ಜಿ ಹಾಕಬಹುದು. ಮಂಗಳೂರಿನಲ್ಲಿ ಮೂರು ವರ್ಷದ ಪದವಿ ಮಾಡಿದರೆ ಎಂ.ಎ.ಗೆ ಎರಡು ವರ್ಷ. ಒಟ್ಟು ವರ್ಷ ಎರಡು ಕಡೆಯೂ ಐದೇ. ಆದರೆ ಮಂಗಳೂರಿನಲ್ಲಿ ಓದಿ ಮುಂದೆ ಕೇರಳದಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ತತ್ಸಮಾನ ಪ್ರಮಾಣಪತ್ರದ ಓಡಾಟ ಇರುತ್ತದೆ, ಅದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎಂಜಿನಿಯರಿಂಗ್, ಕೃಷಿ, ಫಾರ್ಮಸಿಯಂಥ ಕಡೆ ಮನಸ್ಸಿದ್ದರೆ ಕರ್ನಾಟಕದ ಸಿಇಟಿಯನ್ನು ಬಿಡಬೇಡಿ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳವರಿಗೆ, ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದರೆ, ಗಡಿನಾಡು ಕನ್ನಡಿಗರ ಕಲಂನಡಿ ಕರ್ನಾಟಕದ ಅಭ್ಯರ್ಥಿಗಳಂತೆ ಅರ್ಹತೆ ಸಿಗುತ್ತದೆ. ಮಹಾರಾಷ್ಟ್ರದ ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದವರಿಗೂ ಇದೇ ಸೌಲಭ್ಯ. ಇದಕ್ಕೆ ಬೇರೆಯಾಗಿ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಹತ್ತನೇ ತನಕ ಕನ್ನಡದಲ್ಲಿ ಓದಿದ ನಿಮ್ಮ ಮಗಳಿಗೆ ಅದು ಕಷ್ಟವೇನಲ್ಲ. ಪ್ರತಿ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಈ ಕಲಂನ ಷರತ್ತುಗಳನ್ನು, ಬೇಕಾದ ವಾಸ ಮತ್ತು ವ್ಯಾಸಂಗ ಪ್ರಮಾಣಪತ್ರಗಳನ್ನು ಒಮ್ಮೆ ಓದಿ, ಗ್ರಾಮ ಕಚೇರಿಯಿಂದ ಮತ್ತು ಶಾಲೆಯಿಂದ ಬೇಗ ಬರೆಸಿಟ್ಟುಕೊಳ್ಳಿ. ಆನ್‌ಲೈನ್ ಅರ್ಜಿಯಲ್ಲಿ ಆ ಕಲಂ ಆರಿಸುವುದನ್ನು ಮರೆತರೆ ಅವಳು ಹೊರರಾಜ್ಯದವಳು ಅಂತಲೇ ಲೆಕ್ಕ.